ಮಳೆ ಹಿಡಿಯುವ ಮೊದಲೇ ಬನ್ನಿ: ಜಿಲ್ಲಾಧಿಕಾರಿಗಳಿಗೆ ಒಂದು ಬಹಿರಂಗ ಪತ್ರ

ಗೆ,
ಮಾನ್ಯ ಜಿಲ್ಲಾಧಿಕಾರಿಗಳು ಹಾಗೂ
ಜಿಲ್ಲಾ ವಿಪತ್ತು ನಿರ್ವಹಣಾ ಪ್ರಾಧಿಕಾರದ ಅಧ್ಯಕ್ಷರು,
ಚಿಕ್ಕಮಗಳೂರು ಜಿಲ್ಲೆ.

ವಿಷಯ: ಮಳೆಗಾಲದ ವಿಪತ್ತುಗಳ ಪೂರ್ವಸಿದ್ಧತೆಯ ಹಣ, ಅಧಿಕಾರ ಮತ್ತು ತರಬೇತಿಯನ್ನು ಗ್ರಾಮಗಳಿಗೇ ಕೊಡುವ ಬಗ್ಗೆ.

ಮಾನ್ಯರೇ,

ನಾನು ಮೂಡಿಗೆರೆ ತಾಲ್ಲೂಕಿನ ಬಣಕಲ್ ಹೋಬಳಿಯ ಸಣ್ಣ ಕಾಫಿ ಬೆಳೆಗಾರ. ಒಂದು ಅವಧಿಗೆ ಗ್ರಾಮ ಪಂಚಾಯಿತಿ ಸದಸ್ಯನೂ ಆಗಿದ್ದೆ. ಮಳೆಗಾಲದ ಹೊತ್ತಿಗೆ ತಮ್ಮ ಮೇಜಿನ ಮೇಲೆ ಬೀಳುವ ಅರ್ಜಿಗಳಲ್ಲಿ ಬಹುಪಾಲು ಪರಿಹಾರ ಕೇಳುವವೇ ಆಗಿರುತ್ತವೆ ಎಂಬುದು ನನಗೆ ಗೊತ್ತು. ಅಂಥ ಅರ್ಜಿಗಳನ್ನು ಊರವರ ಪರವಾಗಿ ನಾನೂ ಬರೆದುಕೊಟ್ಟಿದ್ದೇನೆ. ಈ ಪತ್ರದ ಉದ್ದೇಶ ಬೇರೆ. ಗೋಡೆ ಬಿದ್ದ ಮೇಲೆ ಅಳತೆ ಹಿಡಿಯಲು ಬರುವ ಆಡಳಿತ, ಗೋಡೆ ನಿಂತಿರುವಾಗಲೇ ಒಮ್ಮೆ ನಮ್ಮೂರಿಗೆ ಬರಬೇಕು ಎಂದು ಕೇಳುವುದಕ್ಕಾಗಿ ಇದನ್ನು ಬರೆಯುತ್ತಿದ್ದೇನೆ.

ಆಶ್ಲೇಷ ಮಳೆ ಈಸಲಾರದ ಹೊಳೆ ಎನ್ನುವುದು ನಮ್ಮ ಕಡೆಯ ಹಳೆಯ ಮಾತು. 2019ರ ಆಗಸ್ಟ್ ಎರಡನೆಯ ವಾರ ಬಂದದ್ದು ಅದೇ ಆಶ್ಲೇಷ ಮಳೆ. ಈಸುವ ಮಾತು ಹಾಗಿರಲಿ, ನಿಲ್ಲುವುದಕ್ಕೆ ನೆಲವೇ ಉಳಿಯಲಿಲ್ಲ. ನಮ್ಮ ತಾಲ್ಲೂಕಿನ ಮಲೆಮನೆ, ಮಧುಗುಂಡಿಗಳಲ್ಲಿ ಗುಡ್ಡ ಜರಿದು ಮನೆ, ತೋಟ, ಗದ್ದೆಗಳು ಕೆಸರಿನಡಿ ಹೋದವು. ಚಾರ್ಮಾಡಿ ಘಾಟಿ ಹತ್ತಾರು ಕಡೆ ಜರಿದು ಸಂಚಾರ ನಿಂತುಹೋಯಿತು. ಕಳಸ ಮತ್ತು ಹೊರನಾಡಿನ ನಡುವಿನ ಹೆಬ್ಬಾಳೆ ಸೇತುವೆಯ ಮೇಲೆ ಭದ್ರೆ ಹರಿದಳು. ಅದು ಪ್ರತಿ ದೊಡ್ಡ ಮಳೆಗೂ ನಡೆಯುವುದರಿಂದ ಈಗ ಸುದ್ದಿಯಾಗಿ ಉಳಿದಿಲ್ಲ. 2019ಕ್ಕೆ ಒಂದು ವರ್ಷ ಮೊದಲು ಗುಡ್ಡ ಜರಿದದ್ದು ಕೊಡಗಿನ ಜೋಡುಪಾಲ, ಐದು ವರ್ಷದ ನಂತರ 2024ರ ಜುಲೈನಲ್ಲಿ ಉತ್ತರ ಕನ್ನಡದ ಶಿರೂರು, ಅದೇ ತಿಂಗಳ 30ರಂದು ವಯನಾಡು. ಒಂದೇ ಬೆಟ್ಟಸಾಲು, ಒಂದೇ ಕಾಲಮಾನ. ಹೀಗಿರುವಾಗ ಪ್ರತಿ ಬಾರಿಯೂ ‘ಹಿಂದೆಂದೂ ಕಾಣದ ಮಳೆ’ ಎಂಬ ಹೇಳಿಕೆ ಕೊಡುವುದನ್ನು ಇನ್ನಾದರೂ ನಿಲ್ಲಿಸಬೇಕು. ಗಾಳಿ ಒಂದು ಡಿಗ್ರಿ ಬಿಸಿಯಾದರೆ ಸುಮಾರು ಶೇ 7ರಷ್ಟು ಹೆಚ್ಚು ತೇವ ಹಿಡಿದುಕೊಳ್ಳುತ್ತದೆ ಎಂಬುದು ಈಗ ಶಾಲೆಯ ಮಕ್ಕಳಿಗೂ ತಿಳಿದಿದೆ. ಕಂಡ ಮಳೆಯೇ ಮತ್ತೆ ಬರುತ್ತದೆ, ಇನ್ನಷ್ಟು ಜೋರಾಗಿ ಬರುತ್ತದೆ.

ಆ ದಿನಗಳಲ್ಲಿ ನಾನು ನೋಡಿದ ಒಂದು ಸಂಗತಿ ಸರ್ಕಾರದ ಯಾವ ವರದಿಯಲ್ಲೂ ಇರಲಾರದು. ಗುಡ್ಡ ಜರಿದ ಮೊದಲ ದಿನ ಯಾವ ರಕ್ಷಣಾ ಪಡೆಯೂ ನಮ್ಮ ಕಡೆಗೆ ಬರಲಿಲ್ಲ. ಬರುವುದಕ್ಕೆ ದಾರಿಯೇ ಇರಲಿಲ್ಲವಾದ್ದರಿಂದ ಅವರನ್ನು ದೂರಿ ಪ್ರಯೋಜನವಿಲ್ಲ. ಕರೆಂಟಿಲ್ಲ, ಟವರ್ ಸತ್ತಿದೆ, ರಸ್ತೆಗೆ ಅಡ್ಡಲಾಗಿ ಮರಗಳು. ಆಗ ಮುದುಕರನ್ನು ಹೊತ್ತು ಹಳ್ಳ ದಾಟಿಸಿದವರು ಪಕ್ಕದ ತೋಟದ ಆಳುಗಳು. ಮೆಣಸು ಕೊಯ್ಯುವ ಏಣಿಯನ್ನೇ ಸಂಕವಾಗಿ ಹಾಕಿದರು. ಮರ ಕಪಾತು ಮಾಡುವ ಹುಡುಗರು ತಮ್ಮದೇ ಹಗ್ಗ, ತಮ್ಮದೇ ಗರಗಸ, ತಮ್ಮದೇ ಪೆಟ್ರೋಲು ತಂದು ದಾರಿ ಬಿಡಿಸಿದರು. ಯಾರ ಮನೆಯಲ್ಲಿ ಹಾಸಿಗೆ ಹಿಡಿದವರಿದ್ದಾರೆ, ಯಾರು ಬಸುರಿ, ಯಾರಿಗೆ ಮಾತ್ರೆ ತಪ್ಪಬಾರದು ಎಂಬ ಪಟ್ಟಿ ಆಶಾ ಕಾರ್ಯಕರ್ತೆಯ ತಲೆಯಲ್ಲಿತ್ತು. ಒಂದು ಊರು ಅಪಾಯದಿಂದ ಪಾರಾಗುವುದು ಈ ಜನರಿಂದ. ಆದರೆ ನಮ್ಮ ವಿಪತ್ತು ನಿರ್ವಹಣೆಯ ಯೋಜನೆಯಲ್ಲಿ ಇವರಿಗೆ ಇರುವ ಸ್ಥಾನ ‘ಸಂತ್ರಸ್ತರು’ ಎಂಬುದೊಂದೇ.

2005ರ ವಿಪತ್ತು ನಿರ್ವಹಣಾ ಕಾಯ್ದೆಯನ್ನು ನಾನು ಕೂತು ಓದಿದ್ದೇನೆ. ಜಿಲ್ಲಾ ಪ್ರಾಧಿಕಾರದ ಕರ್ತವ್ಯಗಳು ಅದರ 30ನೆಯ ಕಲಮಿನಲ್ಲಿವೆ. ಅಪಾಯದ ಸ್ಥಳಗಳನ್ನು ಗುರುತಿಸಬೇಕು, ಮುನ್ನೆಚ್ಚರಿಕೆ ಜನರಿಗೆ ತಲುಪುವ ವ್ಯವಸ್ಥೆ ಮಾಡಬೇಕು, ಸ್ಥಳೀಯರಿಗೆ ತರಬೇತಿ ಕೊಡಬೇಕು, ಪರಿಹಾರ ಕೇಂದ್ರಗಳಾಗಬಲ್ಲ ಕಟ್ಟಡಗಳನ್ನು ಮೊದಲೇ ಆರಿಸಿ ಅಲ್ಲಿ ನೀರು, ಶೌಚಾಲಯ ಒದಗಿಸಬೇಕು ಎಂದೆಲ್ಲ ಅಲ್ಲಿ ಸ್ಪಷ್ಟವಾಗಿಯೇ ಬರೆದಿದೆ. ಅದೇ ಕಾಯ್ದೆ ಜಿಲ್ಲಾ ಪಂಚಾಯಿತಿಯಂಥ ಚುನಾಯಿತ ಸಂಸ್ಥೆಯ ಅಧ್ಯಕ್ಷರನ್ನು ಪ್ರಾಧಿಕಾರದ ಸಹ ಅಧ್ಯಕ್ಷರನ್ನಾಗಿ ಮಾಡಿದೆ. 2021ರಲ್ಲಿ ಜಿಲ್ಲಾ ಪಂಚಾಯಿತಿಗಳ ಅವಧಿ ಮುಗಿದ ಮೇಲೆ ವರ್ಷಗಟ್ಟಲೆ ಚುನಾವಣೆಯನ್ನೇ ನಡೆಸದ ರಾಜ್ಯ ನಮ್ಮದು. ಜನರ ಪರವಾಗಿ ಆ ಸಭೆಯಲ್ಲಿ ಕೂರಬೇಕಾದವರ ಕುರ್ಚಿ ಖಾಲಿ. ಇದಕ್ಕೆ ತಾವು ಹೊಣೆಯಲ್ಲ, ನಿಜ. ಕುರ್ಚಿ ಖಾಲಿ ಇರುವಾಗ ಊರಿನ ಮಾತು ಕೇಳಿಸಿಕೊಳ್ಳುವ ಜವಾಬ್ದಾರಿ ಮಾತ್ರ ತಮ್ಮ ಮೇಲೆ ಇಮ್ಮಡಿಯಾಗಿ ಬೀಳುತ್ತದೆ.

ಹಣವಿಲ್ಲ ಎಂಬ ಉತ್ತರವನ್ನೂ ಒಪ್ಪುವುದು ಕಷ್ಟ. 15ನೇ ಹಣಕಾಸು ಆಯೋಗ 2021ರಿಂದ 2026ರವರೆಗಿನ ಅವಧಿಗೆ ಎಲ್ಲ ರಾಜ್ಯಗಳ ವಿಪತ್ತು ನಿಧಿಗೆಂದು 1,60,153 ಕೋಟಿ ರೂಪಾಯಿ ಶಿಫಾರಸು ಮಾಡಿತ್ತು. ಅದರಲ್ಲಿ ಶೇ 20 ಭಾಗವನ್ನು, ಅಂದರೆ 32,031 ಕೋಟಿಯನ್ನು, ವಿಪತ್ತು ಬರುವ ಮೊದಲೇ ಅದರ ಹೊಡೆತ ತಗ್ಗಿಸುವ ಕೆಲಸಕ್ಕೆ ಪ್ರತ್ಯೇಕವಾಗಿ ಇಟ್ಟಿತು. ಸಿದ್ಧತೆ ಮತ್ತು ತರಬೇತಿಗೆಂದು ಮತ್ತೆ ಶೇ 10. ಇದರಲ್ಲಿ ನಮ್ಮ ಜಿಲ್ಲೆಯ ಪಾಲೆಷ್ಟು, ಅದರಲ್ಲಿ ಗುಡ್ಡದ ಬುಡದ ಊರುಗಳಿಗೆ ಬಂದದ್ದೆಷ್ಟು, ಯಾವ ಕಾಮಗಾರಿ ನಡೆಯಿತು ಎಂಬುದನ್ನು ಗ್ರಾಮ ಪಂಚಾಯಿತಿಯ ಸೂಚನಾ ಫಲಕದ ಮೇಲೆ ಬರೆಸಿ. ನಾನು ಸದಸ್ಯನಾಗಿದ್ದಾಗ ಕೇಳಿದ್ದೆ, ಕಡತ ಮೇಲೆ ಹೋಗಿದೆ ಎಂದಿದ್ದರು. ಮೇಲೆ ಹೋದ ಕಡತ ಮಳೆಯ ಹಾಗೆ ಕೆಳಗೆ ಬರುವುದಿಲ್ಲ.

ಈಗ ಮೋರಿಯ ವಿಷಯ. ಇಷ್ಟು ಚಿಕ್ಕದನ್ನು ಜಿಲ್ಲಾಧಿಕಾರಿಗಳಿಗೆ ಬರೆಯುವುದೇ ಎಂದು ಗೆಳೆಯರೊಬ್ಬರು ನಕ್ಕರು. ಬರೆಯಲೇಬೇಕು. ನಮ್ಮ ಮಜರೆಗೆ ಹೋಗುವ ರಸ್ತೆಗೆ ಅಡ್ಡವಾಗಿ ಒಂದು ಸಣ್ಣ ಹಳ್ಳವಿದೆ. ಅಜ್ಜನ ಕಾಲದಲ್ಲಿ ಅದಕ್ಕೆ ಕಲ್ಲುಚಪ್ಪಡಿಯ ಮೋರಿ ಕಟ್ಟಿದ್ದರು. ಒಳಗೆ ಒಬ್ಬ ಆಳು ಬಗ್ಗಿ ನಡೆದುಹೋಗಿ ಕಸ ತೆಗೆಯುವಷ್ಟು ದೊಡ್ಡದು. ರಸ್ತೆಯನ್ನು ಕಾಂಕ್ರೀಟ್ ಮಾಡಿದಾಗ ಗುತ್ತಿಗೆದಾರರು ಅದನ್ನು ಕಿತ್ತು ಸಿಮೆಂಟಿನ ಒಂದು ಪೈಪು ಹೂತರು. ಪುಷ್ಯ ಮಳೆಗೆ ಮೇಲಿನ ತೋಟದ ಸಿಲ್ವರ್ ಓಕ್ ಮರದ ಕೊಂಬೆ, ತರಗೆಲೆ, ಪ್ಲಾಸ್ಟಿಕ್ ಎಲ್ಲ ಬಂದು ಆ ಪೈಪಿನ ಬಾಯಿಗೆ ಕೂತರೆ ಹಳ್ಳಕ್ಕೆ ಬೇರೆ ದಾರಿ ಬೇಕಲ್ಲ! ಅದು ರಸ್ತೆಯ ಮೇಲೆ ಹತ್ತಿ, ನೂರು ಅಡಿ ಉದ್ದಕ್ಕೆ ಹರಿದು, ಎಂದೂ ನೀರು ಕಾಣದ ಇಳಿಜಾರಿಗೆ ನುಗ್ಗುತ್ತದೆ. ಮೇಲೆ ಜಂಬಿಟ್ಟಿಗೆ ಮಣ್ಣು, ಕೆಳಗೆ ಜೇಡಿ. ನೀರು ಮೇಲಿನ ಮಣ್ಣನ್ನು ದಾಟಿ ಜೇಡಿಯ ಮೇಲೆ ನಿಲ್ಲುತ್ತದೆ. ಮಣ್ಣು ಭಾರವಾಗುತ್ತದೆ, ಜೇಡಿ ಜಾರುತ್ತದೆ. ಆ ಇಳಿಜಾರು ಜರಿದು ಕೆಳಗಿನ ಇಬ್ಬರು ರೈತರ ಗದ್ದೆ ಹೋಯಿತು. ಪಂಚನಾಮೆಯಲ್ಲಿ ಕಾರಣ ‘ಪ್ರಕೃತಿ ವಿಕೋಪ’ ಎಂದು ದಾಖಲಾಯಿತು. ಪೈಪಿನ ಸುದ್ದಿ ಇಲ್ಲ. ಗದ್ದೆ ಹೋದ ಮೇಲೆ ಹಾಕಿದ್ದೂ ಅದೇ ಅಳತೆಯ ಪೈಪು.

ಜಿಲ್ಲೆಯ ಮಲೆನಾಡು ಭಾಗದಲ್ಲಿ ಇಂಥ ಮೋರಿಗಳು ಎಷ್ಟಿವೆ ಎಂದು ಲೆಕ್ಕ ಹಾಕಲು ಉಪಗ್ರಹ ಬೇಡ. ಪ್ರತಿ ವಾರ್ಡಿನಲ್ಲಿ ಹಳ್ಳದ ಗುಂಟ ನಡೆಯಬಲ್ಲ ಇಬ್ಬರು ಹಿರಿಯರು, ಒಬ್ಬ ಎಂಜಿನಿಯರ್, ಒಂದು ಅಳತೆ ಟೇಪು ಸಾಕು. ಮಾಗಿಯಲ್ಲಿ, ಕಾಫಿ ಕೊಯ್ಲು ಮುಗಿಯುತ್ತಿದ್ದಂತೆ ನಡೆದರೆ ಎಲ್ಲಿ ಒರತೆ ಮುಚ್ಚಿದ್ದಾರೆ, ಎಲ್ಲಿ ಹಡ್ಲಿಗೆ (ಪಾಳು ಬಿದ್ದ ಗದ್ದೆಗೆ) ಮಣ್ಣು ತುಂಬಿದ್ದಾರೆ, ಯಾವ ಬಸಿಗಾಲುವೆಯನ್ನು ತಿರುಗಿಸಿದ್ದಾರೆ ಎಂಬುದು ಕಣ್ಣಿಗೇ ಕಾಣುತ್ತದೆ. ಭಾರತೀಯ ಭೂವೈಜ್ಞಾನಿಕ ಸರ್ವೇಕ್ಷಣಾ ಸಂಸ್ಥೆಯವರ ಭೂಕುಸಿತ ನಕ್ಷೆಗಳು 1:50,000 ಅಳತೆಯಲ್ಲಿವೆ. ಅದರಲ್ಲಿ ನಮ್ಮ ಇಡೀ ಮಜರೆ ಒಂದು ಬೆರಳ ತುದಿಯಷ್ಟು. ಯಾವ ಮನೆಯ ಹಿಂದಿನ ಧರೆ (ಕಡಿದಾದ ಮಣ್ಣಿನ ದಿಬ್ಬ) ಬಿರುಕು ಬಿಟ್ಟಿದೆ ಎಂಬುದು ಆ ನಕ್ಷೆಯಲ್ಲಿ ಸಿಗಲಾರದು; ಆ ಮನೆಯ ಸೊಸೆಯನ್ನು ಕೇಳಿದರೆ ಸಿಗುತ್ತದೆ. ಎರಡನ್ನೂ ಒಂದು ಹಾಳೆಯ ಮೇಲೆ ತರುವುದು ಆಡಳಿತದ ಕೆಲಸ.

ಧರೆ ಕಡಿಯುವುದರ ಬಗ್ಗೆ ಹೆಚ್ಚು ಬರೆಯುವುದಿಲ್ಲ. 2024ರ ಮಳೆಗಾಲದಲ್ಲಿ ಪಕ್ಕದ ಹಾಸನ ಜಿಲ್ಲೆಯ ಸಕಲೇಶಪುರದ ಬಳಿ, ದೊಡ್ಡತಪ್ಪಲೆಯಲ್ಲಿ ಹೆದ್ದಾರಿ ಮೇಲೆ ಗುಡ್ಡ ಮತ್ತೆ ಮತ್ತೆ ಬಂದು ಬಿದ್ದದ್ದನ್ನು ನಾಡೆಲ್ಲ ನೋಡಿತು. ಗುಡ್ಡವನ್ನು ನೆಟ್ಟಗೆ ಗೋಡೆಯಂತೆ ಕಡಿದರೆ ಅದು ನಿಲ್ಲುವುದಿಲ್ಲ. ಹೆದ್ದಾರಿಯಲ್ಲಿ ನಡೆದದ್ದೇ ಚಿಕ್ಕ ಪ್ರಮಾಣದಲ್ಲಿ ನಮ್ಮಲ್ಲಿ ಪ್ರತಿ ಹೋಂಸ್ಟೇ, ಪ್ರತಿ ಹೊಸ ಮನೆಯ ಹಿಂದೆ ನಡೆಯುತ್ತಿದೆ. ಬೆಳೆಗಾರರಾದ ನಾವೂ ಇದರಲ್ಲಿ ಪಾಲುದಾರರೇ. ನೋಟ ಚೆನ್ನಾಗಿದೆ ಎಂದು ಗುಡ್ಡದ ನೆತ್ತಿಯಲ್ಲೇ ಈಜುಕೊಳ ತೋಡುವವರಿಗೆ ಜಾಗ ಮಾರಿದವರು ನಮ್ಮವರೇ ತಾನೆ? ಜೂನ್ ಒಂದರಿಂದ ಸೆಪ್ಟೆಂಬರ್ ಕೊನೆಯವರೆಗೆ ಇಳಿಜಾರಿನಲ್ಲಿ ಜೆಸಿಬಿ ಇಳಿಯಬಾರದು ಎಂದು ಆದೇಶ ಮಾಡಿ, ಅದನ್ನು ಮುರಿದವರ ಮೇಲೆ ಕ್ರಮ ಜರುಗಿಸುವ ಅಧಿಕಾರವನ್ನು ಪಂಚಾಯಿತಿಗೆ ಕೊಡಿ. ಸಣ್ಣ ಮನೆ ಕಟ್ಟಿಕೊಳ್ಳುವ ಬಡವನಿಗೂ ದೊಡ್ಡ ರೆಸಾರ್ಟಿಗೂ ಒಂದೇ ನಿಯಮ ಇರಲಿ. ಬಡವನ ಮನೆಯ ಹಿಂದೆ ಆಸರೆ ಗೋಡೆ ಕಟ್ಟಿಸಲು ಮಾತ್ರ ಉದ್ಯೋಗ ಖಾತ್ರಿಯ ಕೂಲಿಯನ್ನು ಬಳಸಲು ಅವಕಾಶ ಮಾಡಿ.

ಮುನ್ನೆಚ್ಚರಿಕೆಯ ಬಗ್ಗೆ ಇನ್ನೊಂದು ಮಾತು. ಹವಾಮಾನ ಇಲಾಖೆಯ ಲೆಕ್ಕದಲ್ಲಿ ದಿನಕ್ಕೆ 204.5 ಮಿಲಿಮೀಟರ್ ಅಥವಾ ಅದಕ್ಕಿಂತ ಹೆಚ್ಚು ಬಿದ್ದರೆ ಅದು ಅತಿ ವಿಪರೀತ ಮಳೆ, ರೆಡ್ ಅಲರ್ಟ್‌ನ ಮಾತು ಬರುವುದು ಆಗ. ಕಾಫಿ ಸೀಮೆಯಲ್ಲಿ ಮಿಲಿಮೀಟರ್ ಲೆಕ್ಕ ಯಾರಿಗೂ ಬಾರದು. ನಾವು ಮಳೆ ಅಳೆಯುವುದು ಇಂಚು ಮತ್ತು ಸೆಂಟಿನಲ್ಲಿ (ಇಂಚಿನ ನೂರನೇ ಒಂದು ಪಾಲು ಒಂದು ಸೆಂಟು). ‘ನಿನ್ನೆ ಎಂಟು ಇಂಚು ಹೊಡೆಯಿತು’ ಎಂದರೆ ತೋಟದಲ್ಲಿ ಲೆಕ್ಕ ಬರೆಯುವ ಯಾವ ರೈಟರಿಗೂ ಎದೆ ಧಸಕ್ಕೆನ್ನುತ್ತದೆ; 204 ಮಿಲಿಮೀಟರ್ ಎಂದರೆ ಹೌದೇ ಎಂದು ಹೇಳಿ ಕಾಫಿ ಕುಡಿಯುತ್ತಾನೆ. ಇದು ತಮಾಷೆಯ ಮಾತಲ್ಲ. ಇದಕ್ಕಿಂತ ಮುಖ್ಯವಾದದ್ದು, ಗುಡ್ಡ ಒಂದೇ ದಿನದ ಮಳೆಗೆ ಜರಿಯುವುದು ಅಪರೂಪ. ಐದಾರು ದಿನ ಬಿಡದೆ ಸುರಿದು ನೆಲ ನೀರು ಕುಡಿದು ನಿಂತಿರುವಾಗ ಬರುವ ಜಡಿಮಳೆಯೇ ಅದನ್ನು ತಳ್ಳುವುದು. ಬಣ್ಣದ ಎಚ್ಚರಿಕೆ ನೋಡುವುದು ಮುಂದಿನ ದಿನವನ್ನು. ನಮಗೆ ಬೇಕಾದದ್ದು ಹಿಂದಿನ ವಾರದ ಲೆಕ್ಕವೂ ಸೇರಿದ ಎಚ್ಚರಿಕೆ. ರಾಜ್ಯ ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರ ಗ್ರಾಮ ಪಂಚಾಯಿತಿ ಮಟ್ಟದಲ್ಲಿ ಆರು ಸಾವಿರಕ್ಕೂ ಹೆಚ್ಚು ಸ್ವಯಂಚಾಲಿತ ಮಳೆಮಾಪಕಗಳನ್ನು ಇಟ್ಟಿದೆ. ಬೇರೆ ರಾಜ್ಯದವರು ಬಂದು ನೋಡಿ ಹೋಗುವಂಥ ವ್ಯವಸ್ಥೆ ಅದು, ಮೆಚ್ಚಲೇಬೇಕು. ಅದರ ಅಂಕಿ ಬೆಂಗಳೂರಿಗೆ ಹೋಗುತ್ತದೆ. ಮಾಪಕದ ಪಕ್ಕದಲ್ಲೇ ಇರುವ ಮನೆಗೆ ಅದು ಗೊತ್ತಾಗಬೇಕಾದರೆ ಮೊಬೈಲಿಗೆ ಸಿಗ್ನಲ್ ಬೇಕು. ಜೋರು ಮಳೆಯಲ್ಲಿ ಮೊದಲು ಸಾಯುವುದೇ ಸಿಗ್ನಲ್.

ತಲೆಮಾರುಗಳಿಂದ ಮಳೆ ಪುಸ್ತಕ ಬರೆದಿಟ್ಟ ತೋಟಗಳು ಈ ತಾಲ್ಲೂಕಿನಲ್ಲಿವೆ. ಆ ಪುಸ್ತಕಗಳನ್ನು ತರಿಸಿ, ಗುಡ್ಡ ಜರಿದ ವರ್ಷಗಳ ಮಳೆಯ ಜೊತೆ ಹೋಲಿಸಿ, ಇಂತಿಷ್ಟು ದಿನದಲ್ಲಿ ಇಂತಿಷ್ಟು ಇಂಚು ದಾಟಿದರೆ ಈ ಕೇರಿಯವರು ಮನೆ ಬಿಡಬೇಕು ಎಂಬ ಊರಿನ ಲೆಕ್ಕವೊಂದನ್ನು ತಜ್ಞರಿಂದ ಮಾಡಿಸಿ. ಒರತೆಯ ನೀರು ಇದ್ದಕ್ಕಿದ್ದಂತೆ ಕೆಂಪಾದರೆ, ತುಂಬಿ ಹರಿಯುತ್ತಿದ್ದ ಹಳ್ಳ ಮಳೆ ನಿಲ್ಲದೆಯೇ ಇಳಿದುಹೋದರೆ, ನೆಟ್ಟಗಿದ್ದ ಸಿಲ್ವರ್ ಮರಗಳು ವಾಲಿದರೆ ಯಾರ ಅಪ್ಪಣೆಗೂ ಕಾಯದೆ ಹೊರಡಬೇಕು ಎಂಬುದನ್ನು ಶಾಲೆಯಲ್ಲಿ, ಸ್ತ್ರೀಶಕ್ತಿ ಸಂಘಗಳಲ್ಲಿ ಹೇಳಿಸಿ. ಎಚ್ಚರಿಕೆ ಸಾರಲು ದೇವಸ್ಥಾನ, ಮಸೀದಿ, ಚರ್ಚುಗಳ ಧ್ವನಿವರ್ಧಕವೂ ಬ್ಯಾಟರಿಯೂ ಇದ್ದೇ ಇವೆ. ತೋಟದ ಕೂಲಿಯವರ ಸಾಲುಮನೆಗಳಾದ ಲೈನುಗಳಲ್ಲಿ ಈಗ ಅಸ್ಸಾಮಿನ ಕಾರ್ಮಿಕರಿದ್ದಾರೆ, ಅವರಿಗೆ ಕನ್ನಡದ ಸಂದೇಶ ಓದಲು ಬಾರದು. ಅವರ ಹೆಸರು ಯಾವ ಪಂಚಾಯಿತಿಯ ಪಟ್ಟಿಯಲ್ಲೂ ಇಲ್ಲ. ಒಂದು ಲೈನು ಕೊಚ್ಚಿಹೋದರೆ ಒಳಗೆ ಎಷ್ಟು ಜನ ಇದ್ದರು ಎಂದು ಹೇಳುವವರೂ ಇರುವುದಿಲ್ಲ. ತೋಟದ ಮಾಲೀಕರಿಂದ ಮೇ ತಿಂಗಳಲ್ಲೇ ಆ ಪಟ್ಟಿ ತರಿಸಿಕೊಳ್ಳಿ.

ಪರಿಹಾರ ಕೇಂದ್ರ ಎಂದು ತೆರೆಯುವ ಶಾಲೆಗೆ ಒಂದು ಸಂಜೆ ಹೋಗಿ ನೋಡಿ. ಹೆಂಗಸರು, ಮಕ್ಕಳು ಇರುತ್ತಾರೆ, ಗಂಡಸರು ಇರುವುದಿಲ್ಲ. ಹಾಲು ಕರೆಯಲು, ಕೊಟ್ಟಿಗೆಯಲ್ಲಿ ಕಟ್ಟಿದ ದನಗಳಿಗೆ ಹುಲ್ಲು ಹಾಕಲು ವಾಪಸು ಹೋಗಿರುತ್ತಾರೆ. ಕತ್ತಲಾಗಿ, ದಾರಿ ಕೆಟ್ಟು, ಅದೇ ಧರೆಯ ಕೆಳಗಿನ ಮನೆಯಲ್ಲೇ ಮಲಗುತ್ತಾರೆ. ಎಷ್ಟು ಬೈದರೂ ದನ ಬಿಟ್ಟು ರೈತ ಬರುವುದಿಲ್ಲ, ಬರಬಾರದು ಕೂಡ. ಶಾಲೆಯ ಪಕ್ಕದಲ್ಲಿ ದನಗಳಿಗೊಂದು ತಗಡಿನ ಸೂರು, ಒಂದಿಷ್ಟು ಒಣಹುಲ್ಲು ಇದ್ದರೆ ಮನೆ ಖಾಲಿ ಮಾಡಿಸಲು ಪೊಲೀಸರೇ ಬೇಕಾಗುವುದಿಲ್ಲ. ಹೆಂಗಸರ ಶೌಚಾಲಯಕ್ಕೆ ಬಾಗಿಲು, ಬಾಗಿಲಿಗೆ ಚಿಲಕ ಇರಲಿ ಎಂಬುದನ್ನೂ ಜಿಲ್ಲಾಧಿಕಾರಿಗಳಿಗೇ ಬರೆಯಬೇಕಾಗಿ ಬಂದಿರುವುದಕ್ಕೆ ವಿಷಾದವಿದೆ.

ಗುಡ್ಡದ ಕಡೆಯವನು ತನ್ನ ಪಾಡನ್ನೇ ಹೇಳಿಕೊಂಡ ಎಂದು ಕಡೂರಿನ ನೆಂಟರು ಆಕ್ಷೇಪಿಸಬಹುದು. ನಾವು ನೀರಿನಲ್ಲಿ ಮುಳುಗುವ ಜಿಲ್ಲೆಯಲ್ಲೇ ಅವರು ಟ್ಯಾಂಕರ್ ಕಾಯುತ್ತಾರೆ. 2023ರಲ್ಲಿ ರಾಜ್ಯದ 236 ತಾಲ್ಲೂಕುಗಳಲ್ಲಿ 223 ಬರಪೀಡಿತ ಎಂದು ಘೋಷಣೆಯಾದಾಗ ಕೊಳವೆಬಾವಿಯ ಮೇಲೆ ಕೊಳವೆಬಾವಿ ಕೊರೆಸಿ ತೆಂಗು ಉಳಿಸಿಕೊಳ್ಳಲು ಅವರು ಪಟ್ಟ ಪಾಡನ್ನು ಹಬ್ಬಕ್ಕೆ ಹೋದಾಗ ಕಣ್ಣಾರೆ ಕಂಡಿದ್ದೇನೆ. ಆ ಸೀಮೆಗೆ ಅಯ್ಯನಕೆರೆ, ಮದಗದ ಕೆರೆಗಳನ್ನು ಕಟ್ಟಿಕೊಟ್ಟವರು ತೂಬು ಕಾಯಲು ನೀರುಗಂಟಿಯನ್ನೂ ಇಟ್ಟಿದ್ದರು, ಹೂಳು ಹೊರಲು ಕೆರೆಬಂಡಿಗೆ ದತ್ತಿಯನ್ನೂ ಬಿಟ್ಟಿದ್ದರು. ಈಗ ಹೂಳೆತ್ತಲು ಟೆಂಡರ್ ಕರೆಯುತ್ತೇವೆ. ನೀರು ತರುವ ಕಾಲುವೆಯ ಒತ್ತುವರಿ ಹಾಗೇ ಇರುತ್ತದೆ. ನಮಗೆ ಮೋರಿ ಕಟ್ಟಿಕೊಂಡರೆ ಕಷ್ಟ, ಅವರಿಗೆ ಕೆರೆಯ ಕಾಲುವೆ ಕಟ್ಟಿಕೊಂಡರೆ ಕಷ್ಟ. ಹರಿವ ನೀರಿನ ದಾರಿಗೆ ಊರಿನಲ್ಲಿ ಒಬ್ಬ ಹೊಣೆಗಾರ ಬೇಕೆಂಬುದು ಎರಡೂ ಕಡೆಯ ಬೇಡಿಕೆ. ಪಂಚಾಯಿತಿಯ ನೀರುಗಂಟಿಯನ್ನು ಇಂದು ನಲ್ಲಿ ತಿರುಗಿಸುವುದಕ್ಕೆ ಮಾತ್ರ ಇಟ್ಟುಕೊಂಡಿದ್ದೇವೆ. ಆತನಿಗೆ ಹಳ್ಳ, ಮೋರಿ, ಕೆರೆ ಕಾಲುವೆಗಳ ಮೇಲ್ವಿಚಾರಣೆಯನ್ನೂ ವಹಿಸಿ, ಅದಕ್ಕೆ ತಕ್ಕ ಸಂಬಳ ಕೊಡಿ.

ಪರಿಹಾರದ ಮಾತನ್ನು ಎತ್ತುವುದಿಲ್ಲ ಎಂದುಕೊಂಡಿದ್ದೆ, ಆದರೂ ಒಂದನ್ನು ಬಿಡಲಾಗದು. ಗುಡ್ಡ ಜರಿದು ಜಮೀನೇ ಹೋದರೆ ಕೇಂದ್ರದ ಮಾರ್ಗಸೂಚಿಯ ಪ್ರಕಾರ ಸಣ್ಣ ರೈತನಿಗೆ ಸಿಗುವುದು ಹೆಕ್ಟೇರಿಗೆ 47,000 ರೂಪಾಯಿ, ಅಂದರೆ ಎಕರೆಗೆ ಸುಮಾರು 19,000. ಅದೂ ಕಂದಾಯ ದಾಖಲೆಯಲ್ಲಿ ಜಮೀನು ಅವನ ಹೆಸರಿನಲ್ಲಿದ್ದರೆ ಮಾತ್ರ. ಉಳುತ್ತಿರುವ ಸರ್ಕಾರಿ ಜಮೀನನ್ನು ಸಕ್ರಮ ಮಾಡಿಕೊಡಿ ಎಂದು ನಮೂನೆ 50, 53, 57ರಲ್ಲಿ ಅರ್ಜಿ ಹಾಕಿ ದಶಕಗಳಿಂದ ಕಾಯುತ್ತಿರುವವನು ಗುಡ್ಡದ ಅಂಚಿನಲ್ಲೇ ಇರುತ್ತಾನೆ, ಒಳ್ಳೆಯ ಜಾಗ ಅವನಿಗೆ ಯಾರು ಬಿಟ್ಟಾರು? ಜರಿದ ದಿನ ಅವನು ಒತ್ತುವರಿದಾರ. ಅಪಾಯದ ಜಾಗದಿಂದ ಅವನನ್ನು ಎಬ್ಬಿಸಬೇಕಾದರೆ ಅವನಿಗೆ ಬೇರೆ ಕಡೆ, ಅದೂ ಕೂಲಿಗೆ ಹೋಗಿ ಬರುವ ದೂರದಲ್ಲಿ, ನಿವೇಶನದ ಹಕ್ಕುಪತ್ರ ಮೊದಲು ಕೈಗೆ ಕೊಡಬೇಕು. ಬಾಡಿಗೆ ಮನೆಗೆ ಹೋಗಿ ಎಂದರೆ ಎರಡು ತಿಂಗಳಲ್ಲಿ ಹಳೆಯ ಮನೆಗೇ ಮರಳುತ್ತಾನೆ. ಮರಳಿದವರನ್ನು ನಾನು ಬಲ್ಲೆ.

ಈ ವರ್ಷದ ಕೊಯ್ಲು ಮುಗಿಯುವ ಹೊತ್ತಿಗೆ, ಫೆಬ್ರುವರಿ ದಾಟುವುದರೊಳಗೆ, ಮೂಡಿಗೆರೆ, ಕಳಸ, ಕೊಪ್ಪ, ಶೃಂಗೇರಿ, ನರಸಿಂಹರಾಜಪುರ ತಾಲ್ಲೂಕುಗಳ ಪ್ರತಿ ಗ್ರಾಮ ಪಂಚಾಯಿತಿಯಲ್ಲೂ ಇದಕ್ಕೆಂದೇ ವಾರ್ಡ್ ಸಭೆ, ಗ್ರಾಮಸಭೆ ಕರೆಯಲು ಆದೇಶಿಸಬೇಕೆಂದು ಕೋರುತ್ತೇನೆ. ಕಂದಾಯ, ಲೋಕೋಪಯೋಗಿ, ಅರಣ್ಯ, ವಿದ್ಯುತ್, ಆರೋಗ್ಯದವರು ಒಂದೇ ದಿನ, ಒಂದೇ ಸೂರಿನಡಿ ಕೂರಲಿ. ಹಳ್ಳದ ನಕ್ಷೆ, ಮೋರಿಗಳ ಪಟ್ಟಿ, ಮನೆ ಬಿಡಬೇಕಾದವರ ಪಟ್ಟಿ, ಹಗ್ಗ, ಗರಗಸ, ಟಾರ್ಚು, ಜನರೇಟರು ಯಾರ ಮನೆಯಲ್ಲಿರಬೇಕು ಎಂಬುದು ಅಲ್ಲೇ ತೀರ್ಮಾನವಾಗಲಿ. ಮರ ಹತ್ತುವ ಹುಡುಗರಿಗೆ ರಕ್ಷಣಾ ತರಬೇತಿಯೂ ವಿಮೆಯೂ ಸಿಗಲಿ. ತುರ್ತು ಖರ್ಚಿಗೆ ಪಂಚಾಯಿತಿ ಅಭಿವೃದ್ಧಿ ಅಧಿಕಾರಿ ಯಾರ ಸಹಿಗೂ ಕಾಯದೆ ಬಳಸಬಹುದಾದ ಒಂದು ಮೊತ್ತವನ್ನು ಮೇ ತಿಂಗಳಿಗೆ ಮೊದಲೇ ಪಂಚಾಯಿತಿಯ ಖಾತೆಗೆ ಹಾಕಿಸಿ. ಲೆಕ್ಕವನ್ನು ಮಳೆ ಮುಗಿದ ಮೇಲೆ ಗ್ರಾಮಸಭೆಯಲ್ಲಿ ಕೇಳೋಣ, ಪೈಸೆ ಪೈಸೆಗೂ ಕೇಳೋಣ.

ಈ ಪತ್ರಕ್ಕೆ ‘ಪರಿಶೀಲಿಸಿ ಸೂಕ್ತ ಕ್ರಮ ವಹಿಸಲು’ ಎಂಬ ಷರಾ ಬರೆದು ಕೆಳಗಿನ ಕಚೇರಿಗೆ ಕಳುಹಿಸಬೇಡಿ ಎಂದು ವಿನಂತಿ. ಉತ್ತರ ನನ್ನ ವಿಳಾಸಕ್ಕೆ ಬರಬೇಕಾಗಿಯೂ ಇಲ್ಲ. ಯಾವುದಕ್ಕೆ ಒಪ್ಪಿಗೆ, ಯಾವುದು ಆಗದು, ಆಗದಿದ್ದರೆ ಯಾಕೆ ಎಂಬುದನ್ನು ಆ ಗ್ರಾಮಸಭೆಗೇ ಲಿಖಿತವಾಗಿ ತಿಳಿಸಿ. ದಿನಾಂಕ ಗೊತ್ತುಮಾಡಿ ಹೇಳಿದರೆ ನಮ್ಮ ಹಳ್ಳದ ಗುಂಟ ನಡೆಯಲು ಬರುವ ಎಂಜಿನಿಯರಿಗೆ ದಾರಿ ತೋರಿಸಲು ನಾನೇ ಬರುತ್ತೇನೆ.

ತಮ್ಮ ವಿಶ್ವಾಸಿ,
ಗ್ರಾಮ ಪಂಚಾಯಿತಿಯ ಒಬ್ಬ ಮಾಜಿ ಸದಸ್ಯ,
ಬಣಕಲ್ ಹೋಬಳಿ, ಮೂಡಿಗೆರೆ ತಾಲ್ಲೂಕು